ಚೂರಿ ಕಳಚಿದ ಕೋವಿ

"ಬುದ್ಧಿ, ಕೊಲ್ಲಾಕಂತ ಮಾಡಿದ ಕಬ್ಬಿಣ ಬ್ಯಾರೆ ಕೆಲಸಕ್ಕ ಬರತೈತೇನ್ರಿ?"

ಕೇಳಿದವನು ಭರಮಪ್ಪ. ಸೈನ್ಯದಲ್ಲಿ ಹವಾಲ್ದಾರನಾಗಿದ್ದು, ಅದನ್ನು ಬಿಟ್ಟು ಮಠಕ್ಕೆ ಬಂದು ಸೇರಿಕೊಂಡವನು. ದಾಸೋಹದಲ್ಲಿ ಬಡಿಸುವ ಕೆಲಸ ಅವನದು. ಆ ದಿನ ಮಧ್ಯಾಹ್ನ ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಮುದುಕ ಅವನ ಹಿಂದಿನಿಂದ ರೊಟ್ಟಿಯ ಬುಟ್ಟಿಗೆ ಕೈಹಾಕಿದ್ದ. ಭರಮಪ್ಪ ಗಕ್ಕನೆ ತಿರುಗಿ ಮುದುಕನ ಮಣಿಕಟ್ಟು ಹಿಡಿದು ತಿರುಚಿಬಿಟ್ಟಿದ್ದ. ಮುದುಕ ಉಣ್ಣದೆ ಎದ್ದುಹೋದ. ಈಗ ಭರಮಪ್ಪ ತನ್ನ ಗಂಟು ಕಟ್ಟಿಕೊಂಡು ಗುರುಗಳ ಎದುರಿಗೆ ನಿಂತಿದ್ದ.

"ಬಂದೂಕು ಒಪ್ಪಿಸಿ ಬಂದ್ನಿ. ಬೂಟು ಬಿಟ್ನಿ. ಮೀಸೀನೂ ತೆಗೆಸಿದ್ನಿ. ಆದ್ರೂ ನಾ ಕೈ ಇಟ್ಟಲ್ಲೆ ಮಂದಿಗೆ ನೋವಾಗತೈತಿ. ಇದು ಕಬ್ಬಿಣದ ಗುಣಾನ ಇರಬೇಕ್ರಿ. ನಾ ಹೋಗತೇನ್ರಿ."

"ಹೋಗುವವನು ಪ್ರಶ್ನೆ ಕೇಳುತ್ತ ನಿಲ್ಲುವುದಿಲ್ಲ. ಕೂತುಕೋ" ಎಂದರು ಗುರುಗಳು. "ಗಂಟು ಕೆಳಗಿಡು. ಅದನ್ನು ಇಲ್ಲಿ ಯಾರೂ ಕದಿಯುವುದಿಲ್ಲ."

ಭರಮಪ್ಪ ಕೂತ. ಗುರುಗಳು ಹೇಳತೊಡಗಿದರು.

ಒಂದು ಯುದ್ಧ ಮುಗಿಯಿತು. ಯಾರು ಗೆದ್ದರು, ಯಾರು ಸೋತರು ಎನ್ನುವುದು ನಮಗೆ ಬೇಡ. ಸೈನ್ಯದ ಉಗ್ರಾಣ ಹಳೆಯ ಕೋವಿಗಳಿಂದ ತುಂಬಿಹೋಯಿತು. ಅವನ್ನು ಹರಾಜಿಗೆ ಹಾಕಿದರು. ಕೊಡಗಿನ ಒಬ್ಬ ರೈತ ಹೋಗಿ ಒಂದು ಕೋವಿ ಕೊಂಡು ತಂದ. ಹೆಂಡತಿಗೆಂದು ತಂದ. ಬೇರೆ ಊರಿನ ಗಂಡಂದಿರು ಸೀರೆ ತರುತ್ತಾರೆ. ಆ ಸೀಮೆಯ ಗಂಡ ಕೋವಿ ತಂದ. ಹೆಂಡತಿಗೆ ಸೀರೆಗಿಂತ ಹೆಚ್ಚು ಸಂತೋಷವಾಯಿತು.

ಅವಳ ಹೆಸರು ಚೋಂದವ್ವ. ತವರಿನಲ್ಲಿ ಅಣ್ಣಂದಿರ ಜೊತೆ ಗುರಿ ಕಲಿತವಳು. ಗಂಡನ ಮನೆಯಲ್ಲಿಯೂ ಕೋವಿಗಳಿದ್ದವು, ಆದರೆ ಎಲ್ಲವೂ ಗಂಡಸರ ತೋಳಿನ ಅಳತೆಯವು. ಅವಳ ಹೆಗಲಿಗೆ ಕೂರುವ ಕೋವಿ ಆ ಮನೆಯಲ್ಲಿ ಒಂದೂ ಇರಲಿಲ್ಲ. ಇದನ್ನು ತನ್ನ ಅಳತೆಗೆ ತಿದ್ದಿಸಿಕೊಂಡು ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಬೇಕು ಎನ್ನುವುದು ಅವಳ ಆಸೆ. ಅಲ್ಲಿ ಕೈಲ್ ಮುಹೂರ್ತ ಎಂದು ಒಂದು ಹಬ್ಬವಿದೆ. ನಾಟಿಯ ಕೆಲಸ ಮುಗಿದ ಮೇಲೆ ಮನೆಯ ಕೋವಿ, ಕತ್ತಿಗಳನ್ನೆಲ್ಲ ದೀಪದ ಮುಂದಿಟ್ಟು ಹೂವು ಮುಡಿಸಿ ಕೈಮುಗಿಯುತ್ತಾರೆ. ಆಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಒಬ್ಬೊಬ್ಬರಾಗಿ ಗುಂಡು ಹೊಡೆಯುತ್ತಾರೆ. ಕಾಯಿ ಒಡೆದವನ ಮನೆಯವರು ವರ್ಷವೆಲ್ಲ ಎದೆಯುಬ್ಬಿಸಿ ನಡೆಯುತ್ತಾರೆ.

ಹರಾಜಿನ ಕೋವಿ ಹೇಗಿತ್ತು ಎನ್ನುವುದನ್ನು ನಿನಗೆ ಹೇಳಬೇಕಾಗಿಲ್ಲ, ಭರಮಪ್ಪ. ಆಳುದ್ದ. ಕೊಳವೆಯ ತುದಿಯವರೆಗೂ ಮರದ ಹೊದಿಕೆ. ತುದಿಗೆ ತೊಡಿಸಿ ತಿರುಗಿಸಿದರೆ ಕೂತುಕೊಳ್ಳುವ ಬಯೋನೆಟ್ಟು, ಮೊಳದುದ್ದದ ಮೊನಚು ಚೂರಿ. ಟ್ರಿಗರ್ ಎಳೆದರೆ ಬೆರಳೇ ನೋಯಬೇಕು.

ರೈತ ಅದನ್ನು ಪೇಟೆಯ ಕೋವಿ ಮಿಸ್ತ್ರಿಗೆ ಕೊಟ್ಟ. ಮಿಸ್ತ್ರಿ ಕೆಲಸ ಬಲ್ಲವನು, ಅದರಲ್ಲಿ ಅನುಮಾನ ಬೇಡ. ಮೊದಲು ಚೂರಿ ಕಳಚಿ ಪಕ್ಕಕ್ಕೆಸೆದ. ಮುಂದಿನ ಮರವನ್ನು ಅರ್ಧಕ್ಕೆ ಕೊಯ್ದ. ಕಬ್ಬಿಣದ ಬಳೆ, ಕೊಕ್ಕೆ ಎಲ್ಲ ತೆಗೆದ. ಚೋಂದವ್ವನನ್ನು ಕರೆಸಿ ಕಣ್ಣು ಮುಚ್ಚಿ ಕೋವಿ ಎತ್ತಿ ಹೆಗಲಿಗಿಡು ಎಂದ. ಕಣ್ಣು ತೆರೆದಾಗ ನೋಟ ಎಲ್ಲಿ ನಿಂತಿತೋ ಅಲ್ಲಿಗೆ ಸರಿಯಾಗಿ ಬೀಟೆ ಮರದಲ್ಲಿ ಹೊಸ ಹಿಡಿ ಕೆತ್ತಿದ. ಟ್ರಿಗರನ್ನು ಎಣ್ಣೆಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಮೆದು ಮಾಡಿದ. ಕಬ್ಬಿಣಕ್ಕೆ ಹೊಸದಾಗಿ ಕಪ್ಪು ಹಿಡಿಸಿದ. ಮದುವೆ ಮನೆಗೆ ಒಯ್ಯುವ ಹಾಗೆ ಆಯಿತು ಕೋವಿ.

ಒಂದನ್ನು ಮಾತ್ರ ಅವನು ಮುಟ್ಟಲಿಲ್ಲ. ಕೊಳವೆಯ ತುದಿಯಲ್ಲಿ ಗುರಿ ನೋಡುವ ಸಣ್ಣ ಮಣಿ ಇರುತ್ತದಲ್ಲ, ಅದು. ಕೋವಿ ಮಾಡಿದ ಕಾರ್ಖಾನೆಯವರು ಗುಂಡು ಹೊಡೆದು ನೋಡಿ ಆ ಗುರಿಮಣಿಯನ್ನು ಕೂರಿಸಿ, ಅದು ಸರಿಯದ ಹಾಗೆ ಉಳಿಯಿಂದ ಒಂದು ಗೆರೆ ಹೊಡೆದಿರುತ್ತಾರೆ. ಮಿಸ್ತ್ರಿಗಳಿಗೆ ಆ ಗೆರೆಯೆಂದರೆ ದೇವರ ಗೆರೆ. ಕೊಳವೆಯನ್ನೇ ಕೊಯ್ದು ಗಿಡ್ಡ ಮಾಡುವವರು ಕೂಡ ಅದರ ಮುಂದೆ ಒಂದು ಗಳಿಗೆ ಅಳುಕುತ್ತಾರೆ. ಇವನು ಕೊಳವೆ ಕೊಯ್ಯಲೂ ಇಲ್ಲ, ಮಣಿ ಮುಟ್ಟಲೂ ಇಲ್ಲ.

ಕಳಚಿದ ಚೂರಿಯನ್ನು ಚೋಂದವ್ವ ಕೇಳಿ ಇಸಿದುಕೊಂಡಳು. ಗೂಟಕ್ಕೆ ತೊಡಿಸಿ, ಮೊನೆ ಮೇಲೆ ಮಾಡಿ ಹಿತ್ತಿಲಲ್ಲಿ ನೆಟ್ಟಳು. ತೆಂಗಿನಕಾಯಿ ಸುಲಿಯುವುದಕ್ಕೆ ಅಂಥ ಚೂರಿ ಊರಲ್ಲೇ ಇರಲಿಲ್ಲ. ಅಕ್ಕಪಕ್ಕದವರೂ ಕಾಯಿ ಹೊತ್ತುಕೊಂಡು ಬರತೊಡಗಿದರು.

ಆದರೆ ಆ ಮನೆಯಲ್ಲಿ ಒಬ್ಬ ಹಿರಿಯನಿದ್ದ. ರೈತನ ದೊಡ್ಡಪ್ಪ. ಅವನ ಮಾತಿಗೆ ಎದುರು ಮಾತಿಲ್ಲ. ಅವನು ಕೋವಿಯನ್ನು ಮುಟ್ಟಿಯೂ ನೋಡಲಿಲ್ಲ. "ಮನುಷ್ಯರ ಮೇಲೆ ತಿರುಗಿದ ಕೋವಿ ಅದು. ಮರ ಬದಲಾಯಿಸಿದ್ರೆ ಗುಣ ಬದಲಾಗ್ತದಾ? ನಮ್ಮ ದೀಪದ ಮುಂದೆ ಅದಕ್ಕೆ ಜಾಗ ಇಲ್ಲ" ಎಂದ. ಚೋಂದವ್ವ ಬಿಡಲಿಲ್ಲ. ಕೊನೆಗೆ ಹಿರಿಯ ಒಂದು ಮಾತಿಗೆ ಒಪ್ಪಿದ. ಹಬ್ಬದ ದಿನ ಆ ಕೋವಿ ತೆಂಗಿನಕಾಯಿ ಒಡೆದರೆ ಮನೆಯಲ್ಲಿರಲಿ. ತಪ್ಪಿದರೆ ಮಾರನೆಯ ದಿನವೇ ಠಾಣೆಗೆ ಕೊಟ್ಟು ಮುರಿಸಿಬಿಡುವುದು. ಮುರಿಸಿದರೆ ಅವಳ ಕೈಗೆ ಇನ್ನೊಂದು ಕೋವಿ ಸಿಗುವುದಿಲ್ಲ ಎನ್ನುವುದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಚೋಂದವ್ವ ಗದ್ದೆಯ ಬದಿಯಲ್ಲಿ ಗೋಡೆಯಂತೆ ನಿಂತ ಮಣ್ಣಿನ ಬರೆಗೆ ಸುಣ್ಣದ ಬೊಟ್ಟಿಟ್ಟು ಅಭ್ಯಾಸಕ್ಕೆ ನಿಂತಳು. ಹೊಡೆದಳು. ಗುಂಡು ಗೇಣುದ್ದ ಎಡಕ್ಕೆ ಹೋಯಿತು. ಮತ್ತೆ ಹೊಡೆದಳು. ಮತ್ತೆ ಎಡಕ್ಕೆ. ಉಸಿರು ಬಿಗಿಹಿಡಿದು ಹೊಡೆದಳು, ಮಲಗಿ ಹೊಡೆದಳು, ಕವೆಗೋಲಿಗೆ ಒರಗಿಸಿ ಹೊಡೆದಳು. ಎಡಕ್ಕೆ.

ಮಿಸ್ತ್ರಿಗೆ ಹೇಳಿಕಳಿಸಿದರು. ಅವನು ಬಂದು ನೋಡಿ, ನಿಮ್ಮ ಹೆಗಲು ಅಲುಗುತ್ತಿದೆ ಎಂದ. ಹಾಗಾದರೆ ನೀವೇ ಹೊಡೆಯಿರಿ ಎಂದು ಅವಳು ಕೋವಿ ಕೊಟ್ಟಳು. ಅವನ ಗುಂಡೂ ಎಡಕ್ಕೇ ಹೋಯಿತು. ಅವನ ಮುಖ ಸಣ್ಣದಾಯಿತು. ಕೋವಿಯನ್ನು ಮೇಲೆ ಕೆಳಗೆ ನೋಡಿದ. ತನ್ನ ಕೆಲಸದಲ್ಲಿ ತಪ್ಪು ಕಾಣಲಿಲ್ಲ. ಆಗ ಅವನೂ, ಈ ಕಬ್ಬಿಣದಲ್ಲೇ ಏನೋ ದೋಷ ಇದೆ, ಹಿರಿಯರು ಹೇಳಿದ್ದು ಸುಳ್ಳಲ್ಲ ಎಂದುಬಿಟ್ಟ. ನೋಡು, ತಪ್ಪು ಎಲ್ಲಿದೆಯೆಂದು ಗೊತ್ತಾಗದಿದ್ದಾಗ ಪಾಪದ ಮಾತು ಎಷ್ಟು ಬೇಗ ಬಾಯಿಗೆ ಬರುತ್ತದೆ! ಮಠದಲ್ಲಿರುವ ನಮಗೂ ಆ ಚಟ ಇದೆ.

ಗಂಡ ಒಂದು ಉಪಾಯ ಹೇಳಿದ. ಗೇಣುದ್ದ ಬಲಕ್ಕೆ ಗುರಿ ಇಟ್ಟು ಹೊಡೆ, ಸರಿಹೋಗುತ್ತದೆ ಎಂದ. ಚೋಂದವ್ವನಿಗೆ ಸಿಟ್ಟು ಬಂತು. ಕಾಯಿ ನೋಡದೆ ಗಾಳಿ ನೋಡಿ ಕಾಯಿ ಹೊಡೆಯುವುದು ತನ್ನಿಂದಾಗದು ಎಂದಳು.

ಅವಳು ಬರೆಯ ಹತ್ತಿರ ಹೋಗಿ ನಿಂತಳು. ಗುಂಡು ಬಿದ್ದ ಗುರುತುಗಳನ್ನು ನೋಡಿದಳು. ಅಂಗೈ ಇಟ್ಟಳು. ಎಲ್ಲ ಗುರುತೂ ಅಂಗೈಯಡಿ ಮುಚ್ಚಿಹೋದವು. ಅವಳು ತಿರುಗಿ ಮಿಸ್ತ್ರಿಗೆ ಹೇಳಿದಳು:

"ಕೆಟ್ಟ ಕೋವಿ ಆಗಿದ್ರೆ ಗುಂಡು ಕಂಡಕಂಡ ಕಡೆ ಹೋಗ್ಬೇಕಿತ್ತು. ಇದು ಒಂದೇ ಕಡೆ ಹೋಗ್ತಾ ಉಂಟು. ಇದು ಯಾರದೋ ಮಾತು ಕೇಳ್ತಾ ಉಂಟು. ನೀವು ಇದರಿಂದ ಏನೇನು ತೆಗೆದ್ರಿ, ಹೇಳಿ."

ಮಿಸ್ತ್ರಿ ಹೇಳಿದ. ಮರ ತೆಗೆದೆ. ಬಳೆ ತೆಗೆದೆ. ಕೊಕ್ಕೆ ತೆಗೆದೆ. ಚೂರಿಯ ಹೆಸರು ಕೊನೆಗೆ ಬಂತು. ಅವನ ಮಟ್ಟಿಗೆ ಚೂರಿ ಕೋವಿಯ ಭಾಗವೇ ಆಗಿರಲಿಲ್ಲ.

ಚೋಂದವ್ವ ಹಿತ್ತಿಲಿಗೆ ಓಡಿದಳು. ಗೂಟದಿಂದ ಚೂರಿ ಕಿತ್ತಳು. ಮೊನೆ ಮೊಂಡಾಗಿತ್ತು, ಮೈಗೆಲ್ಲ ತೆಂಗಿನ ನಾರು ಅಂಟಿತ್ತು. ಹಾಗೆಯೇ ತಂದು ಕೋವಿಯ ತುದಿಗೆ ತೊಡಿಸಿ ತಿರುಗಿಸಿದಳು. ಗುರಿ ಹಿಡಿದು ಹೊಡೆದಳು. ಗುಂಡು ಸುಣ್ಣದ ಬೊಟ್ಟಿನ ನಟ್ಟನಡುವೆ ಹೊಕ್ಕಿತು.

ಗದ್ದೆಯ ಬದುವಿನ ಮೇಲೆ ಹಿರಿಯ ನಿಂತಿದ್ದ. ಅವನು ಅದನ್ನು ಕಂಡು ತಲೆಯಾಡಿಸಿದ. ನೋಡಿದಿರಾ, ಅದಕ್ಕೆ ಚೂರಿಯೇ ಬೇಕು, ಹಳೇ ರುಚಿ ಬಿಟ್ಟಿಲ್ಲ ಎಂದ. ಗಂಡ ತಲೆ ತಗ್ಗಿಸಿದ. ಚೋಂದವ್ವನ ಕಣ್ಣಲ್ಲಿ ನೀರು ಬಂತು.

ಮಿಸ್ತ್ರಿ ಮಾತ್ರ ಹಣೆ ಹಣೆ ಚಚ್ಚಿಕೊಂಡು ನಗುತ್ತಿದ್ದ. "ಅಯ್ಯೋ ನನ್ನ ಬುದ್ಧಿಗಿಷ್ಟು! ಈ ಕೋವಿಗೆ ಯಾವಾಗ್ಲೂ ಚೂರಿ ಇಟ್ಟೇ ಹೊಡೀತಿದ್ರು. ಕಾರ್ಖಾನೆಯವ್ರು ಗುರಿ ನೋಡಿದ್ದೂ ಚೂರಿ ಇಟ್ಟೇ. ಚೂರಿಯ ಭಾರಕ್ಕೆ ಗುಂಡು ಒಂದು ಕಡೆ ಎಳೀತದೆ, ಆ ಎಳೆತ ಲೆಕ್ಕಕ್ಕೆ ಹಿಡಿದು ಮಣಿ ಕೂರಿಸಿದ್ದಾರೆ. ನಾನು ಚೂರಿ ತೆಗೆದೆ. ಚೂರಿ ಹೋಯ್ತು ಅಂತ ಈ ಮಣಿಗೆ ಯಾರೂ ಹೇಳಿಲ್ಲ!"

ಚೂರಿಯನ್ನು ಕಳಚಿ ಚೋಂದವ್ವನ ಕೈಗೆ ಕೊಟ್ಟ. ಚೀಲದಿಂದ ಹಿತ್ತಾಳೆಯ ಉಳಿ ತೆಗೆದ. ಆ ದೇವರ ಗೆರೆಗೆ ಒಂದು ಸಲ ಕೈಮುಗಿದ. ಆಮೇಲೆ ಸುತ್ತಿಗೆಯಿಂದ ಟಕ್ಕೆಂದು ಒಂದು ಪೆಟ್ಟು ಕೊಟ್ಟ. ಮಣಿ ಕೂದಲೆಳೆಯಷ್ಟು ಎಡಕ್ಕೆ ಸರಿಯಿತು. ಗುಂಡು ಎಡಕ್ಕೆ ಹೋಗುವಾಗ ಮಣಿಯನ್ನೂ ಎಡಕ್ಕೇ ಸರಿಸುವುದೇ ಎಂದು ಗಂಡ ಗಾಬರಿಯಾದ. ಮುಂದಿನ ಮಣಿಯ ಕೆಲಸ ಹಾಗೆಯೇ. ಗುಂಡು ಎತ್ತ ತಪ್ಪುತ್ತದೆಯೋ ಮಣಿಯನ್ನು ಅತ್ತಲೇ ತಳ್ಳಬೇಕು. ಆಗ ಕೊಳವೆ ಇತ್ತ ತಿರುಗುತ್ತದೆ.

ಚೋಂದವ್ವ ಹೊಡೆದಳು. ಚೂರಿಯಿಲ್ಲದ ಕೋವಿಯ ಗುಂಡು ಸುಣ್ಣದ ಬೊಟ್ಟನ್ನು ಹೊಕ್ಕಿತು. ಇನ್ನೊಮ್ಮೆ ಹೊಡೆದಳು. ಅಲ್ಲಿಗೇ ಹೋಯಿತು. ಮಿಸ್ತ್ರಿ ಉಕ್ಕಿನ ಉಳಿಯಿಂದ ಹೊಸ ಗೆರೆ ಹೊಡೆದ. ಹಿರಿಯ ಮನೆಯ ಕಡೆ ನಡೆದ. ಬರೆಗೆ ಹೊಡೆಯುವುದು ಬೇರೆ, ಕಾಯಿಗೆ ಹೊಡೆಯುವುದು ಬೇರೆ. ಅವನ ಮಾತು ಹಾಗೆಯೇ ನಿಂತಿತ್ತು.

ಹಬ್ಬ ಬಂತು. ಮೈದಾನದ ಅಂಚಿನ ದೊಡ್ಡ ಮರದ ತುದಿಗೆ ಕಾಯಿ ಕಟ್ಟಿದರು. ಗಾಳಿ ಜೋರಿತ್ತು. ಕಾಯಿ ಒಂದು ಕಡೆ ನಿಲ್ಲಲಿಲ್ಲ. ಊರಿನ ಹೆಸರಾದ ಬೇಟೆಗಾರರು ಹೊಡೆದರು, ಎಲೆ ಉದುರಿತು. ಹಿರಿಯನೂ ತನ್ನ ಉದ್ದನೆಯ ಕೋವಿಯಿಂದ ಹೊಡೆದ. ತೊಗಟೆ ಹಾರಿತು, ಕಾಯಿ ಹಾಗೆಯೇ ಇತ್ತು. ಅವನು ಹೋಗಿ ಮರದ ಹತ್ತಿರ ಸೊಂಟಕ್ಕೆ ಕೈಕೊಟ್ಟು ನಿಂತ.

ಚೋಂದವ್ವ ಮುಂದೆ ಬಂದಳು. ಪಡ್ಡೆಗಳು ಕೇಕೆ ಹಾಕಿದರು. ಸೈನ್ಯದ ಕೋವಿ ಬಂತು, ಎಲ್ಲರೂ ಅಡಗಿಕೊಳ್ಳಿ ಎಂದು ಒಬ್ಬ ಕೂಗಿದ. ಅವಳು ಕಿವಿಗೊಡಲಿಲ್ಲ. ಕೋವಿಯನ್ನು ಹೆಗಲಿಗಿಟ್ಟಳು. ಅದು ಅವಳ ಹೆಗಲಿಗೆ ತಾನಾಗಿ ಕೂತಿತು. ಕಾಯಿ ಅತ್ತ ಹೋಯಿತು, ಇತ್ತ ಬಂತು. ಅವಳು ಕಾದಳು. ಮೆದುವಾದ ಟ್ರಿಗರನ್ನು ಒತ್ತಿದಳು.

ಕಾಯಿ ಚೂರು ಚೂರಾಯಿತು! ಕಾಯಿಯ ನೀರು ಚಿಮ್ಮಿ ಕೆಳಗೆ ನಿಂತಿದ್ದ ಹಿರಿಯನ ತಲೆಯ ಮೇಲೆ, ರುಮಾಲಿನ ಮೇಲೆ, ಮೀಸೆಯ ಮೇಲೆ ಸುರಿಯಿತು. ಮೊದಲು ಕೂಗಿದವನು ಆ ಹಿರಿಯನೇ. "ಹೊಡೆದ್ಳು! ನಮ್ಮ ಮನೆಯ ಕೋವಿ! ನಮ್ಮ ಮನೆಯ ಕೋವಿ!" ಎಂದು ಎರಡೂ ಕೈ ಎತ್ತಿ ಕುಣಿದ. ಅವನ ವಯಸ್ಸಿಗೆ ಅಷ್ಟು ಕುಣಿಯಬಾರದಿತ್ತು. ವಾಲಗದವರು ಊದತೊಡಗಿದರು, ಕೇಕೆ ಹಾಕಿದ ಪಡ್ಡೆಗಳೇ ಚೋಂದವ್ವನ ಸುತ್ತ ಕುಣಿದರು. ಮಿಸ್ತ್ರಿ ಎಲ್ಲರಿಗೂ ಅದು ತನ್ನ ಕೈಕೆಲಸ ಎಂದು ಹೇಳಿಕೊಂಡು ತಿರುಗಿದ. ಹೇಳಿಕೊಳ್ಳಲಿ ಬಿಡು. ಮನೆಗೆ ಹೋಗುವಾಗ ಹಿರಿಯ ಆ ಕೋವಿಯನ್ನು ತಾನೇ ಹೊತ್ತ. ಬೇರೆ ಯಾರೂ ಮುಟ್ಟಕೂಡದು ಎಂದ. ಹೋಗಿ ನೇರವಾಗಿ ದೀಪದ ಮುಂದೆ ಇಟ್ಟು ಕೈಮುಗಿದ.

ಗುರುಗಳು ಕತೆ ಮುಗಿಸಿದರು. ಭರಮಪ್ಪ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. ಆಮೇಲೆ ಕೇಳಿದ:

"ಹಂಗಾರ ಬುದ್ಧಿ, ನನ್ನಾಗ ತೆಗೆಯೂದು ಇನ್ನೂ ಏನರ ಉಳದೈತೇನ್ರಿ?"

"ತೆಗೆಯುವುದನ್ನೆಲ್ಲ ನೀನು ತೆಗೆದಾಗಿದೆ, ಭರಮಪ್ಪ. ಆದರೆ ಹಿಂದಿನಿಂದ ಬಂದ ಕೈ ಹಸಿದವನದು ಎಂದು ನಿನ್ನ ಕೈಗೆ ಇನ್ನೂ ಯಾರೂ ಹೇಳಿಲ್ಲ."