ಇರುವೆಗಳು ಎದುರಾದಾಗ ಮುಟ್ಟಿ ನೋಡುವುದೇಕೆ

ಹೊತ್ತು: ಸೂರ್ಯ ಪಡುವಣಕ್ಕೆ ವಾಲಿದ ಮಧ್ಯಾಹ್ನ. ಹವೆ: ಸೆಕೆ, ಗಾಳಿ ನಿಂತಿದೆ, ದೂರದಲ್ಲಿ ಒಂದು ಕಪ್ಪು ಮೋಡ. ಹಾಜರಿದ್ದವರು: ಇರುವೆಗಳ ತಾಯಿ ಗೊದ್ದವ್ವ, ಅವಳ ಮಕ್ಕಳು, ಬಾಗಿಲು ಕಾಯುವ ಓತಿಕ್ಯಾತ. ಕೇರೆಹಾವು ಆಮೇಲೆ ಬಂತು.

ಲೋಕ ಆಗ ಹೊಸತು. ಕಲ್ಲುಗಳ ಅಂಚು ಇನ್ನೂ ಸವೆದಿರಲಿಲ್ಲ. ಯಾರೂ ಯಾರನ್ನೂ ತಿನ್ನಲು ಕಲಿತಿರಲಿಲ್ಲ. ಎಣಿಸಲು ಮಾತ್ರ ಎಲ್ಲರೂ ಕಲಿತಿದ್ದರು.

ಎಣಿಸುವ ಕ್ರಮ ಹೀಗಿತ್ತು. ಪ್ರತಿಯೊಂದು ಪ್ರಾಣಿಯೂ ತನ್ನ ಕಾಲುಗಳ ಮೇಲೆ ಎಣಿಸುತ್ತಿತ್ತು. ಒಂದು ಕಾಲು, ಎರಡು ಕಾಲು, ಮೂರು ಕಾಲು. ಕಾಲುಗಳೆಲ್ಲ ಮುಗಿದರೆ ‘ಒಂದು ಮೈ’ ಎನ್ನುತ್ತಿತ್ತು. ಮತ್ತೆ ಮೊದಲ ಕಾಲಿನಿಂದ ಆರಂಭಿಸುತ್ತಿತ್ತು. ಜೇಡನಿಗೆ ಎಂಟಾದರೆ ಒಂದು ಮೈ. ಇರುವೆಗೆ ಆರಾದರೆ ಒಂದು ಮೈ. ಓತಿಕ್ಯಾತನಿಗೆ ನಾಲ್ಕಾದರೆ ಒಂದು ಮೈ. ಬಹಳ ಕಾಲದ ಮೇಲೆ ಮನುಷ್ಯ ಬಂದು, ತನ್ನ ಕೈಬೆರಳು ಹತ್ತು ಇರುವುದರಿಂದ, ಹತ್ತನ್ನೇ ದೊಡ್ಡದು ಮಾಡಿದ. ಅವನೂ ಮಾಡಿದ್ದು ಅದನ್ನೇ.

ಕ್ರಮದಲ್ಲಿ ದೋಷವಿರಲಿಲ್ಲ. ಆದರೆ ಪ್ರತಿಯೊಬ್ಬರೂ ತಮ್ಮ ಮೈಯೇ ಎಲ್ಲರ ಮೈ ಎಂದು ತಿಳಿದಿದ್ದರು.

ಆ ಮಧ್ಯಾಹ್ನ ಗಾಳಿ ಎದ್ದು ಬಂದು ಗೂಡಿನ ಬಾಯಲ್ಲಿ ಕೂಗಿತು. “ಗೊದ್ದವ್ವಾ, ನನ್ನ ಹಿಂದೆಯೇ ಮಳೆ ಬರುತ್ತಿದೆ. ಬಾಗಿಲು ಹಾಕಿಕೋ.”

ಗೂಡಿನ ಬಾಗಿಲೆಂದರೆ ಒಂದು ಚಪ್ಪಟೆ ಕಲ್ಲು. ಅದನ್ನು ಎಳೆಯುವ ಶಕ್ತಿ ಇದ್ದದ್ದು ಓತಿಕ್ಯಾತನಿಗೆ. ಗೊದ್ದವ್ವ ಅವನಿಗೆ ಹೇಳಿದಳು: “ಕ್ಯಾತಣ್ಣ, ಮಕ್ಕಳು ಕಾಳಿಗೆ ಹೋಗಿದ್ದಾರೆ. ಎರಡು ಮೈ, ಮೂರು ಕಾಲು. ಅಷ್ಟೂ ಜನ ಒಳಗೆ ಬಂದ ಮೇಲೆ ಕಲ್ಲೆಳೆ. ಒಬ್ಬಳೂ ಹೊರಗೆ ಉಳಿಯಬಾರದು.”

“ಎರಡು ಮೈ, ಮೂರು ಕಾಲು. ನನಗೆ ಎರಡು ಸಲ ಹೇಳಬೇಕಾಗಿಲ್ಲ, ಅವ್ವ.”

ಓತಿಕ್ಯಾತ ಬಾಗಿಲಲ್ಲಿ ನಿಂತ. ಒಬ್ಬೊಬ್ಬಳು ಒಳಗೆ ಹೋದಾಗಲೂ ತಲೆ ಮೇಲೆ ಕೆಳಗೆ ಆಡಿಸಿ ಎಣಿಸಿದ. ಎರಡು ಮೈ, ಮೂರು ಕಾಲು ಆಯಿತು. ಕಲ್ಲೆಳೆದು ಅದರ ಮೇಲೆ ಕುಳಿತ. ಮಳೆ ಬಿತ್ತು.

ಬೆರಳು ಮಡಿಸಿ ನೀವೇ ಎಣಿಸಿ. ಇರುವೆಯ ಎರಡು ಮೈ, ಮೂರು ಕಾಲು ಎಂದರೆ ಹದಿನೈದು. ಓತಿಕ್ಯಾತನ ಎರಡು ಮೈ, ಮೂರು ಕಾಲು ಎಂದರೆ ಹನ್ನೊಂದು. ನಾಲ್ವರು ಹೊರಗಿದ್ದರು. ಅವರಲ್ಲಿ ಎಲ್ಲರಿಗಿಂತ ಕಿರಿಯವಳು, ಸಾಸಿವೆ.

ಒಳಗೆ ಗೊದ್ದವ್ವ ಮಕ್ಕಳನ್ನು ನಿಲ್ಲಿಸಿ ಎಣಿಸಿದಳು. ಒಂದು ಮೈ, ಐದು ಕಾಲು. ಇನ್ನೊಮ್ಮೆ ಎಣಿಸಿದಳು. ಅಷ್ಟೇ. ಅವಳು ಕಲ್ಲಿನ ಸಂದಿಗೆ ಬಾಯಿಟ್ಟು ಕೂಗಿದಳು.

“ಕ್ಯಾತಣ್ಣ, ಕಲ್ಲು ತೆಗೆ! ನಾಲ್ವರು ಬಂದಿಲ್ಲ!”

“ಲೆಕ್ಕ ಮುಗಿದಿದೆ. ತೆಗೆದರೆ ನೀರು ನುಗ್ಗುತ್ತದೆ. ಒಳಗಿರುವವರು ಮುಳುಗುತ್ತಾರೆ.”

“ಎಣಿಸಲು ಬಾರದವನನ್ನು ಬಾಗಿಲಿಗೆ ನಿಲ್ಲಿಸಿದೆನಲ್ಲ, ನನ್ನ ಬುದ್ಧಿಗಿಷ್ಟು!”

“ಮಕ್ಕಳನ್ನು ಹೆತ್ತ ಹಾಗಲ್ಲ ಎಣಿಸುವುದು. ಕತ್ತಲೆಯಲ್ಲಿ ನೀನೇ ತಪ್ಪಿರಬೇಕು.”

“ಮಳೆರಾಯ, ನೀನಾದರೂ ಸ್ವಲ್ಪ ತಾಳಪ್ಪ!” ಎಂದು ಗೊದ್ದವ್ವ ಬೇಡಿದಳು.

“ನನಗೆ ಬೀಳುವುದಷ್ಟೇ ಗೊತ್ತು, ತಾಯಿ,” ಎಂದಿತು ಮಳೆ. “ನಿಲ್ಲುವುದನ್ನು ಯಾರೂ ಕಲಿಸಲಿಲ್ಲ.”

ಅಷ್ಟರಲ್ಲಿ ಕೇರೆಹಾವು ಬಂತು. ಅದರ ಬಿಲಕ್ಕೆ ನೀರು ನುಗ್ಗಿತ್ತು. ವಯಸ್ಸಾದ ಹಾವು, ಎಲ್ಲರೂ ಅದನ್ನು ಕೇರೆಯಜ್ಜ ಎನ್ನುತ್ತಿದ್ದರು. ಜಗಳ ಕೇಳಿ ಅದು ಒಂದೇ ಪ್ರಶ್ನೆ ಕೇಳಿತು.

“ಒಂದು ಮೈ ಎಂದರೆ ಎಷ್ಟು?”

ಆ ಸಂಕಟದಲ್ಲೂ ಓತಿಕ್ಯಾತನಿಗೆ ನಗು ಬಂತು. “ಅದೂ ಗೊತ್ತಿಲ್ಲವೇ, ಅಜ್ಜ?”

“ನನಗೆ ಕಾಲೇ ಇಲ್ಲ. ಹೇಗೆ ಗೊತ್ತಾಗಬೇಕು? ಇಬ್ಬರೂ ತೋರಿಸಿ.”

ಓತಿಕ್ಯಾತ ಕಲ್ಲಿನ ಮೇಲೆ ಕಾಲು ಬಡಿದ. ಒಂದು, ಎರಡು, ಮೂರು, ನಾಲ್ಕು. ನಿಲ್ಲಿಸಿದ. ಕೆಳಗಿನಿಂದ ಗೊದ್ದವ್ವ ಬಡಿದಳು. ಒಂದು, ಎರಡು, ಮೂರು, ನಾಲ್ಕು. ಅವಳು ನಿಲ್ಲಿಸಲಿಲ್ಲ. ಐದು. ಆರು.

ಓತಿಕ್ಯಾತ ಇಳಿದು, ಯಾರೂ ಹೇಳದೆ, ಕಲ್ಲು ಸರಿಸಿದ. ಹಾವು ಬಾಗಿಲ ಸುತ್ತ ಮೈ ಸುತ್ತಿ ನೀರನ್ನು ತಡೆಯಿತು.

ತುಂಬೆಗಿಡದ ಎಲೆಯಡಿಯಲ್ಲಿ ಮೂವರು ಸಿಕ್ಕಿದರು. ಒಬ್ಬರ ಕಾಲನ್ನೊಬ್ಬರು ಹಿಡಿದುಕೊಂಡಿದ್ದರು. ಸಾಸಿವೆ ಸಿಗಲಿಲ್ಲ. ಮಳೆ ಸುಸ್ತಾಗಿ ಹೋದ ಮೇಲೂ ಹುಡುಕಿದರು. ಸಿಗಲಿಲ್ಲ.

ಒದ್ದೆ ನೆಲದ ಮೇಲೆ ನ್ಯಾಯ ಕೂಡಿತು. ಯಾರ ಎಣಿಕೆಗೂ ಸೇರದವನೆಂದು ಕೇರೆಯಜ್ಜನನ್ನೇ ನ್ಯಾಯಕ್ಕೆ ಕೂರಿಸಿದರು.

“ನಾನು ತಪ್ಪು ಎಣಿಸಲಿಲ್ಲ,” ಎಂದ ಓತಿಕ್ಯಾತ. ಅವನ ತಲೆ ತಗ್ಗಿತ್ತು.

“ನಾನೂ ತಪ್ಪು ಹೇಳಲಿಲ್ಲ,” ಎಂದಳು ಗೊದ್ದವ್ವ. “ಹಾಗಾದರೆ ನನ್ನ ಮಗಳೆಲ್ಲಿ?”

ಗೊದ್ದವ್ವ ಹಾವಿನತ್ತ ತಿರುಗಿ ಕೇಳಿದಳು: “ಅಜ್ಜ, ನಿನಗೆ ಎಣಿಕೆಯೇ ಇಲ್ಲ. ನಿನ್ನ ಬಿಲದ ಮೊಟ್ಟೆಗಳೆಲ್ಲ ಇವೆಯೆಂದು ನಿನಗೆ ಹೇಗೆ ತಿಳಿಯುತ್ತದೆ?”

“ಒಂದೊಂದನ್ನೂ ನಾಲಗೆಯಿಂದ ಮುಟ್ಟುತ್ತೇನೆ,” ಎಂದಿತು ಹಾವು. “ಮುಟ್ಟದೆ ಉಳಿದದ್ದನ್ನು ಮೈಯೇ ಹೇಳುತ್ತದೆ.”

ಹೀಗೆ ಹೇಳಿ ಅದು ತೀರ್ಪು ಕೊಟ್ಟಿತು. ನಿಮ್ಮ ಮನೆಯ ಗೋಡೆಯ ಮೇಲೆ ಇರುವೆಯ ಸಾಲು ಹೊರಟಾಗ ಗದ್ದಲ ಮಾಡದೆ ಗಮನಿಸಿ. ಹೋಗುವ ಇರುವೆ ಬರುವ ಇರುವೆಯನ್ನು ಹಾಗೆಯೇ ದಾಟಿ ಹೋಗುವುದಿಲ್ಲ. ನಿಂತು, ಮೀಸೆಯಿಂದ ಮುಖ ಮುಟ್ಟಿ, ಆಮೇಲೆ ಮುಂದೆ ಸಾಗುತ್ತದೆ. ಎಷ್ಟೇ ಅವಸರವಿರಲಿ, ಒಂದನ್ನೂ ಬಿಡುವುದಿಲ್ಲ. ಅವು ಇಂದಿಗೂ ಪಾಲಿಸುತ್ತಿರುವುದು ಅಂದು ಕೇರೆಯಜ್ಜ ಎಲ್ಲರಿಗೂ ಕೇಳುವಂತೆ ನುಡಿದ ಈ ಮಾತನ್ನು:

“ಇಬ್ಬರ ಲೆಕ್ಕವೂ ಸರಿ, ಆದರೂ ಮಗು ಇಲ್ಲ. ಲೆಕ್ಕ ಹೇಳುವವರು ಇನ್ನು ಮೇಲೆ ಮೊದಲು ತಮ್ಮ ಕಾಲು ತೋರಿಸಲಿ. ಮನೆಯವರನ್ನಂತೂ ಎಣಿಸಬೇಡಿ, ಒಬ್ಬೊಬ್ಬರನ್ನೂ ಮುಟ್ಟಿ ನೋಡಿ.”