ಎರಡನೆಯ ದಾರಿಯ ಬೀಗ

"ಗುರುಗಳೇ, ನಾನು ಕಟ್ಟಿದ ನೆಟ್‌ವರ್ಕನ್ನು ನನ್ನ ಹೊರತು ಇನ್ನೊಬ್ಬರು ಮುಟ್ಟಲಾರರು. ಇದಕ್ಕೆ ಹೆಮ್ಮೆಪಟ್ಟರೆ ತಪ್ಪೇ?" ಕೊರಳ ದಾರವನ್ನು ಬೆರಳಿಗೆ ಸುತ್ತುತ್ತ ಶಿಷ್ಯ ಕೇಳಿದ.

"ಹೆಮ್ಮೆಯಿಲ್ಲದವನು ಕಟ್ಟಿದ್ದು ನಿಲ್ಲುವುದಿಲ್ಲ" ಎಂದರು ಗುರುಗಳು. "ಕತೆ ಕೇಳು."

ಒಂದು ಊರಿನಲ್ಲಿ ಒಬ್ಬ ಎಂಜಿನಿಯರ್ ಇದ್ದ. ಅಲ್ಲಿನ ಸಣ್ಣ ಆಸ್ಪತ್ರೆ, ದೊಡ್ಡ ಆಸ್ಪತ್ರೆ, ಕಾಲೇಜು ಮೂರರಲ್ಲೂ ಕಂಪ್ಯೂಟರುಗಳಿದ್ದವು. ಅವು ತಮ್ಮತಮ್ಮ ಕಟ್ಟಡದೊಳಗೆ ಮಾತಾಡಿಕೊಳ್ಳುತ್ತಿದ್ದವೇ ಹೊರತು ಹೊಸಿಲು ದಾಟುತ್ತಿರಲಿಲ್ಲ. ಎಂಜಿನಿಯರ್ ನೆಲದಡಿಯಲ್ಲಿ ಫೈಬರ್ ಎಳೆದು ಮೂರನ್ನೂ ಬೆಸೆದ. ಕಟ್ಟಡದಿಂದ ಕಟ್ಟಡಕ್ಕೆ ಎರಡೆರಡು ದಾರಿ ಇಟ್ಟ. ಹಳದಿ ಗುರುತಿನದು ಪೇಟೆ ಬೀದಿಯಲ್ಲಿ, ನೀಲಿಯದು ಕೆರೆ ಏರಿಯ ಗುಂಟ. ಹಳದಿ ಕಡಿದರೆ ಎರಡೂ ತುದಿಯ ಜೋಡಣೆ ಪೆಟ್ಟಿಗೆಗಳಲ್ಲಿ ತಂತಿಯನ್ನು ಹಳದಿಯಿಂದ ತೆಗೆದು ನೀಲಿಗೆ ಚುಚ್ಚಿದರೆ ಸಾಕು. ಅಂಥ ಕೆಲಸವನ್ನು ಸುತ್ತಮುತ್ತ ಯಾರೂ ಕಂಡಿರಲಿಲ್ಲ. ಕಂಡವರ ಕೈಬಿದ್ದು ಕೆಟ್ಟೀತೆಂದು ಪೆಟ್ಟಿಗೆಗಳಿಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಒಂದು ದಿನ ಅವನು ದೂರದೂರಿನಲ್ಲಿ ಮದುವೆಯ ಊಟಕ್ಕೆ ಕುಳಿತಿದ್ದಾಗ ಸಣ್ಣ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು.

"ಸರ್, ರಸ್ತೆ ಅಗೆಯೋರು ಪೇಟೆ ಬೀದಿ ಲೈನ್ ಕಡಿದುಬಿಟ್ಟಿದ್ದಾರೆ. ಮಗು ಒಂದಕ್ಕೆ ತಲೆಗೆ ಪೆಟ್ಟಾಗಿದೆ, ಅಲ್ಲಾಡಿಸೋ ಹಾಗಿಲ್ಲ. ಸ್ಕ್ಯಾನ್ ದೊಡ್ಡಾಸ್ಪತ್ರೆ ಡಾಕ್ಟರಿಗೆ ಹೋಗಬೇಕು, ಫೋನಲ್ಲಿ ತೆಗೆದ ಫೋಟೋ ಸಾಲದಂತೆ. ಬೀಗದ ಕೈ ನಿಮ್ಮ ಹತ್ರಾನೇ ಇದೆಯಂತಲ್ಲ?"

ಅವನ ಕೈ ಸೊಂಟಕ್ಕೆ ಹೋಯಿತು. ಅವನು ಅಷ್ಟು ಜತನದಿಂದ ಎಳೆದ ಎರಡನೆಯ ದಾರಿ ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ ನೆಲದಡಿ ಬಿದ್ದಿತ್ತು. ತನ್ನ ಜೋಡಣೆಯನ್ನು ಇನ್ನೊಬ್ಬರು ಮುಟ್ಟುವುದನ್ನು ನೆನೆದರೆ ಅವನಿಗೆ ಸಂಕಟವಾಗುತ್ತಿತ್ತು. ಮಗುವನ್ನು ನೆನೆದರೆ ಅದಕ್ಕಿಂತ ಹೆಚ್ಚು.

"ಬೀಗ ಒಡೀರಿ, ಸಿಸ್ಟರ್" ಎಂದ. "ಆ ತುದಿಯವರಿಗೂ ಹೇಳಿ. ಹಳದೀಲಿರೋದನ್ನ ತೆಗೆದು ನೀಲಿಗೆ ಹಾಕಿ. ಬಣ್ಣ ನೋಡಿದ್ರೆ ನಿಮಗೇ ತಿಳಿಯುತ್ತೆ."

ಆಮೇಲೆ ಅವನು ತುತ್ತು ಎತ್ತಲಿಲ್ಲ. ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಮತ್ತೆ ಫೋನ್ ಬಂತು. ಸ್ಕ್ಯಾನ್ ಹೋಗಿತ್ತು, ಡಾಕ್ಟರು ನೋಡಿ ಚಿಕಿತ್ಸೆ ಹೇಳಿದ್ದರು, ಮಗು ಕಣ್ಣು ಬಿಟ್ಟಿತ್ತು.

ಊರಿಗೆ ಬಂದವನೇ ಪೆಟ್ಟಿಗೆ ನೋಡಿದ. ತಾನು ಜೋಡಿಸಿದ್ದು ಬೇರೆ, ಅಲ್ಲಿದ್ದದ್ದು ಬೇರೆ. ಅದೇ ಬೀದಿಯಲ್ಲಿ ಕಡಿದುಹೋಗಿದ್ದ ಕಾಲೇಜಿನ ಲೈನನ್ನೂ ಆಸ್ಪತ್ರೆಯವರು ನೀಲಿಗೆ ಬದಲಿಸಿದ್ದರು, ಅವನನ್ನು ಒಂದು ಮಾತೂ ಕೇಳದೆ. ಎಲ್ಲಿಯೂ ತಪ್ಪಿರಲಿಲ್ಲ. ಅವನ ಎದೆ ಉಬ್ಬಿತು. ಬೀಗದ ಕೈ ಸೊಂಟದಲ್ಲಿದ್ದ ದಿನಗಳಲ್ಲಿ ಅದು ಅಷ್ಟು ಉಬ್ಬಿರಲಿಲ್ಲ. ಹೊಸ ಬೀಗ ತರೋಣವೇ ಎಂದವರಿಗೆ ಬೇಡವೆಂದ.

ಗುರುಗಳು ಕತೆ ನಿಲ್ಲಿಸಿದರು.

"ಅವನ ಹೆಮ್ಮೆ ನನಗೆ ಅರ್ಥವಾಯಿತು, ಗುರುಗಳೇ" ಎಂದ ಶಿಷ್ಯ.

"ಸಂತೋಷ. ನಿನ್ನ ಕೊರಳ ದಾರದಲ್ಲಿರುವುದು ಯಾವ ಬೀಗದ ಕೈಯಪ್ಪಾ?"

ದಾರ ಸುತ್ತುತ್ತಿದ್ದ ಬೆರಳು ಅಲ್ಲಿಗೇ ನಿಂತಿತು.