ಕರಡಿ ದುಂಡಪ್ಪನ ಹಿಮ್ಮಡಿ

ಬಹಳ ಹಿಂದೆ, ಒಂದೂರಲ್ಲಿ, ದುಂಡಪ್ಪ ಅಂತ ಒಬ್ಬನಿದ್ದ. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ನನ್ನಜ್ಜಿಗೆ ಅವಳಜ್ಜಿ ಹೇಳುವಾಗಲೇ ಇದು ಹಳೇ ಕತೆಯಾಗಿತ್ತಂತೆ. ಊರಿನ ಹೆಸರು ಕಂಚಿನಾಳ. ಕರೀ ಮಣ್ಣಿನ ಬಯಲು, ಒಂದು ಹಳ್ಳ, ನಡುವೆ ಒಂದು ಚಾವಡಿ. ಆ ಊರಲ್ಲಿ ದುಂಡಪ್ಪ ಕರಡಿ ಬಾರಿಸುತ್ತಿದ್ದ.

ಕರಡಿ ಅಂದರೆ ಕಾಡಿನ ಕರಡಿಯಲ್ಲ, ಹೆದರಬೇಡಿ. ಹೊಟ್ಟೆಯ ಮೇಲೆ ಕಟ್ಟಿಕೊಂಡು ಬಾರಿಸುವ ವಾದ್ಯ. ಒಂದು ಮಗ್ಗಲು ಬಡಿದರೆ ಗುಡುಗು, ಇನ್ನೊಂದು ಮಗ್ಗಲು ಉಜ್ಜಿದರೆ ಮೃಗ ಗುರುಗುಟ್ಟಿದ ಹಾಗೆ. ದುಂಡಪ್ಪ ಬಾರಿಸಲು ನಿಂತರೆ ಮೂರು ಊರಾಚೆ ತೊಟ್ಟಿಲ ಕೂಸು ಎದ್ದು ಕೂರುತ್ತಿತ್ತಂತೆ. ಹಳ್ಳದ ಮೀನು ಮೇಲೆ ಬಂದು ಕೇಳುತ್ತಿದ್ದವಂತೆ. ಮೀನಿನ ಮಾತು ನನಗೆ ಗೊತ್ತಿಲ್ಲ, ಜನ ಹೇಳುತ್ತಾರೆ.

ಅವನ ಮೇಳದಲ್ಲಿ ಐದು ಮಂದಿ. ಸನಾದಿ ಊದುವವನು ಲಗಮಪ್ಪ, ಉಳಿದ ಮೂವರು ಕರಡಿ ಮತ್ತು ತಾಳದವರು. ಐವರೂ ಮೀಸೆ ಮೂಡುವ ಮೊದಲು ಕೂಡಿದವರು, ಮೀಸೆ ಬೆಳ್ಳಗಾದರೂ ಬಿಟ್ಟಿರಲಿಲ್ಲ. ನಲವತ್ತು ವರ್ಷ ಒಂದೇ ಮೇಳ. ಕೊನೆಕೊನೆಗೆ ಐವರ ಬಾಯಿಯ ಹಲ್ಲು ಕೂಡಿಸಿದರೂ ಒಬ್ಬನಿಗೆ ಸಾಲುತ್ತಿರಲಿಲ್ಲವಂತೆ. ಆದರೂ ಅವರಿಲ್ಲದೆ ಆ ಸೀಮೆಯಲ್ಲಿ ಒಂದು ಮದುವೆ ಆಗುತ್ತಿರಲಿಲ್ಲ.

ಕಂಚಿನಾಳದ ಕರಡಿಯವರಿಗೆ ಒಂದು ಕಟ್ಟಳೆ ಇತ್ತು. ಚಾವಡಿಯ ಗೋಡೆಗೆ ಸಾಲಾಗಿ ಗೂಟ. ಯಾರಿಗೆ ಒಂದೇ ಒಂದು ಸಲ ತಾಳ ತಪ್ಪಿತೋ ಅವನು ತಾನಾಗಿ ಬಂದು ಕರಡಿಯನ್ನು ಗೂಟಕ್ಕೆ ಹಾಕಬೇಕು. ಮತ್ತೆ ಮುಟ್ಟುವ ಹಾಗಿಲ್ಲ. ದುಂಡಪ್ಪನ ಅಪ್ಪನಿಗೆ ಒಂದು ಮದುವೆಯಲ್ಲಿ ಹೀಗೇ ಆಯಿತು. ಬೀಗರಿಗೆ ಗೊತ್ತಾಗಲಿಲ್ಲ, ಮದುಮಕ್ಕಳಿಗೆ ಗೊತ್ತಾಗಲಿಲ್ಲ, ಅವನಿಗೆ ಗೊತ್ತಾಯಿತು. ಗೂಟಕ್ಕೆ ಹಾಕಿ ಬಂದ. ಆಮೇಲೆ ಒಂಬತ್ತು ವರ್ಷ ಬದುಕಿದ್ದ, ಚಾವಡಿಯ ಕಡೆ ತಲೆಯೆತ್ತಿ ನೋಡಲಿಲ್ಲ. ದುಂಡಪ್ಪ ಮಾತ್ರ ದಿನಾ ಆ ಗೂಟದ ಮುಂದೆಯೇ ಹಾದುಹೋಗುತ್ತಿದ್ದ, ಪಕ್ಕದ ಗೂಟ ಖಾಲಿ ಇರುವುದನ್ನು ನೋಡುತ್ತಿದ್ದ.

ಯಾಕೆಂದರೆ ದುಂಡಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ.

ವರ್ಷಗಟ್ಟಲೆ ಗುಡುಗಿನ ಪಕ್ಕ ನಿಂತವನಿಗೆ ಇನ್ನೇನಾಗುತ್ತದೆ? ಮೊದಲು ಗುಬ್ಬಿಯ ಸದ್ದು ಹೋಯಿತು. ಆಮೇಲೆ ಹೆಂಡತಿ ಕಾಶವ್ವ ಕೂಗಿದ್ದು ಹೋಯಿತು. ಒಂದು ದಿನ ಲಗಮಪ್ಪ ಗಲ್ಲ ಉಬ್ಬಿಸಿ ಊದುತ್ತಿದ್ದಾನೆ, ಸನಾದಿಯೇ ಇಲ್ಲ. ಆದರೆ ಬರಿಗಾಲಿನ ಹಿಮ್ಮಡಿಯಿಂದ ತಾಳ ಮೇಲೇರಿ ಬರುತ್ತಿತ್ತು. ಮಣ್ಣು ಅವನಿಗೆ ಎಲ್ಲ ಹೇಳುತ್ತಿತ್ತು. ಯಾರು ಎಷ್ಟು ಜೋರಾಗಿ ಬಾರಿಸಿದರು, ಯಾರ ಹೆಜ್ಜೆ ಯಾವಾಗ ಬಿತ್ತು, ಎಲ್ಲ. ಹೀಗೆ ಹನ್ನೆರಡು ವರ್ಷ ಒಂದು ಪೆಟ್ಟು ತಪ್ಪದೆ ಬಾರಿಸಿದ. ಎದುರಿನವರ ಮಾತನ್ನು ತುಟಿ ನೋಡಿಯೇ ತಿಳಿಯುತ್ತಿದ್ದ, ಹಾಗಾಗಿ ಗೊತ್ತಿದ್ದದ್ದು ಕಾಶವ್ವನಿಗೆ ಒಬ್ಬಳಿಗೇ. ಅವಳು ಅಡುಗೆಮನೆಯಿಂದ ನೆಲಕ್ಕೆ ಎರಡು ಸಲ ಕಾಲು ಬಡಿದರೆ ಊಟ, ಮೂರು ಸಲ ಬಡಿದರೆ ಯಾರೋ ಬಂದಿದ್ದಾರೆ ಅಂತ.

ಒಂದು ದಿನ ಮೂರು ಸಲ ಬಡಿದಳು. ಬಂದವನು ಅರಮನೆಯ ಜವಾನ.

ಆ ಸೀಮೆಯ ದೊರೆಗೆ ಸಂಗೀತದ ಹುಚ್ಚು. ಅರಮನೆಯಲ್ಲಿ ಅರವತ್ತು ಮಂದಿ ವಾದ್ಯದವರನ್ನು ಸಾಕಿದ್ದ. ವೀಣೆ, ಪಿಟೀಲು, ಕೊಳಲು, ಸಾರಂಗಿ, ಏನುಂಟು ಏನಿಲ್ಲ. ಅವರಿಗೆಲ್ಲ ಮೇಲಿನವರು ನರಸಿಂಗರಾಯರು. ರಾಯರು ಸಣ್ಣ ಬೆತ್ತ ಎತ್ತಿದರೆ ಅರವತ್ತು ಮಂದಿ ಎತ್ತಬೇಕು, ಇಳಿಸಿದರೆ ಇಳಿಸಬೇಕು. ದೊರೆ ಒಮ್ಮೆ ಕಂಚಿನಾಳದ ದಾರಿಯಲ್ಲಿ ಹೋಗುವಾಗ ಕರಡಿಯ ಸದ್ದಿಗೆ ಕುದುರೆ ಮುಂದಕ್ಕೆ ಕಾಲಿಡಲಿಲ್ಲವಂತೆ. ಅವತ್ತಿನಿಂದ ಅವನ ತಲೆಯಲ್ಲಿ ಒಂದೇ ಗುಂಗು: ಆ ಐವರು ಈ ಅರವತ್ತು ಮಂದಿಯ ಜೊತೆ ಬಾರಿಸಬೇಕು, ನದಿಯ ದಂಡೆಯ ಹನ್ನೆರಡು ಊರಲ್ಲೂ ಬಾರಿಸಬೇಕು.

ರಾಯರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಆ ಮುದುಕರು ಬಡಿಯುವ ಕಡೆ ವೀಣೆ ಇಟ್ಟರೇನು ಒನಕೆ ಇಟ್ಟರೇನು ಅಂದರಂತೆ. ದುಂಡಪ್ಪನಿಗೂ ಇಷ್ಟವಿರಲಿಲ್ಲ. ಅವನ ಭಯ ಬೇರೆ. ಗೊತ್ತಿಲ್ಲದ ಅರವತ್ತು ಮಂದಿ, ಗೊತ್ತಿಲ್ಲದ ನೆಲ, ಒಂದು ಪೆಟ್ಟು ತಪ್ಪಿದರೆ ಆ ಖಾಲಿ ಗೂಟ. ಒಲ್ಲೆ ಅಂತ ಹೇಳಿಕಳಿಸಲು ಹೊರಟಿದ್ದ. ಕಾಶವ್ವ ಎದುರಿಗೆ ಬಂದು, ತುಟಿ ಕಾಣುವ ಹಾಗೆ ಕೂತು ಹೇಳಿದಳು.

"ಕಿವಿ ಹೋದ್ರ ಹೋತು. ಕೈ ಏನ್ ತಪ್ಪ ಮಾಡೇತಿ? ನಡೀ, ನಾನೂ ಬರ್ತೀನಿ."

ಐವರು ಮುದುಕರು, ಜೊತೆಗೆ ಕಾಶವ್ವ, ಅರಮನೆಗೆ ನಡೆದರು. ಒಂದು ತಿಂಗಳು ಅಂಗಳದಲ್ಲಿ ತಾಲೀಮು. ಕಲ್ಲು ಹಾಸಿದ ಅಂಗಳ, ಬರಿಗಾಲು, ದುಂಡಪ್ಪನಿಗೆ ಏನೂ ತೊಂದರೆಯಾಗಲಿಲ್ಲ. ರಾಯರ ಬೆತ್ತವನ್ನು ಅವನು ನೋಡುತ್ತಲೇ ಇರಲಿಲ್ಲ. ಏ ಕರಡಿಯವನೇ, ಇತ್ತ ನೋಡು ಅಂತ ರಾಯರು ಬೈದದ್ದೂ ಕೇಳಲಿಲ್ಲ, ಹಾಗಾಗಿ ಬೇಜಾರೂ ಆಗಲಿಲ್ಲ. ಆದರೆ ವೀಣೆಯವರ ಬೆರಳು ನೋಡಿ ನೋಡಿ ಎಲ್ಲಿ ಕೈ ಹಗುರ ಮಾಡಬೇಕು ಅಂತ ಕಲಿತುಬಿಟ್ಟ. ವೀಣೆ ಬಂದಾಗ ಅವನ ಕರಡಿ ಬರೀ ಉಸಿರಾಡುತ್ತಿತ್ತಂತೆ. ತಿಂಗಳ ಕೊನೆಗೆ ರಾಯರು ಬೈಯುವುದನ್ನು ಬಿಟ್ಟಿದ್ದರು.

ಮೊದಲ ಊರು ಬಂತು. ನದಿಯ ದಂಡೆಯಲ್ಲಿ ಹಲಗೆಯ ದೊಡ್ಡ ಅಟ್ಟ, ಮುಂದೆ ಕಣ್ಣು ಹಾಯುವಷ್ಟು ದೂರ ಜನ. ಇನ್ನೂ ಬಿಸಿಲು ಏರಿರಲಿಲ್ಲ. ದೊರೆ ಸಂತೋಷಪಟ್ಟು ಐವರಿಗೂ ರೇಷ್ಮೆಯ ರುಮಾಲು ಕೊಟ್ಟ, ಜರಿಯ ಕಸೂತಿ ಹಾಕಿದ ಜೋಡು ಕೊಟ್ಟ. ಮುದುಕರ ಕಾಲು ನೋಯಬಾರದು ಅಂತ ಅಟ್ಟದ ಮೇಲೆ ಮೂರು ಪದರ ಜಮಖಾನ ಹಾಸಿಸಿದ್ದ. ದೊರೆ ಕೊಟ್ಟ ಜೋಡು. ಒಲ್ಲೆ ಅನ್ನುವುದು ಹೇಗೆ? ಕರಡಿ ಕಟ್ಟಿದ ಮೇಲೆ ಚಪ್ಪಲಿ ಮೆಟ್ಟದ ಮಂದಿ, ಮರ್ಯಾದೆಗೆ ಬಿದ್ದು, ಅವತ್ತು ಜೋಡು ಮೆಟ್ಟಿದರು.

ರಾಯರು ಬೆತ್ತ ಎತ್ತಿದರು. ದುಂಡಪ್ಪ ಕೈ ಎತ್ತಿದ. ಅವನಿಗೆ ನೆಲವೇ ಇರಲಿಲ್ಲ.

ನಲವತ್ತು ವರ್ಷದಲ್ಲಿ ಮೊದಲ ಸಲ ದುಂಡಪ್ಪ ನಿಜವಾಗಿ ಕಿವುಡನಾದ. ಅಂದಾಜಿನ ಮೇಲೆ ಬಾರಿಸಿದ. ಹತ್ತು ಪೆಟ್ಟು ಸರಿ ಬಿತ್ತು, ಇಪ್ಪತ್ತು ಸರಿ ಬಿತ್ತು. ಆಮೇಲೆ ಲಗಮಪ್ಪನ ಕಣ್ಣು ಅಗಲವಾದದ್ದು ಕಂಡಿತು, ಸನಾದಿ ಬಾಯಿಂದ ಕೆಳಗಿಳಿದದ್ದು ಕಂಡಿತು. ಪಿಟೀಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಕರಡಿ ಒಂದು ಕಡೆ, ವೀಣೆ ಒಂದು ಕಡೆ, ಎಲ್ಲ ಚೆಲ್ಲಾಪಿಲ್ಲಿಯಾಗಿ ನಿಂತುಹೋಯಿತು.

ದುಂಡಪ್ಪ ಹೊಟ್ಟೆಯ ಮೇಲಿನ ಗಂಟು ಬಿಚ್ಚಿದ. ದೊರೆಯ ಕಡೆ ತಿರುಗಿ ಹೇಳಿದ.

"ನಂದು ತಾಳ ತಪ್ಪೇತ್ರಿ. ಇಲ್ಲಿ ಗೂಟ ಎಲ್ಲೈತಿ ತೋರಸ್ರಿ."

ಲಗಮಪ್ಪ ಅತ್ತುಬಿಟ್ಟ. ಕಟ್ಟಳೆ ಅವನಿಗೂ ಗೊತ್ತಿತ್ತು, ತಡೆಯುವ ಹಾಗಿರಲಿಲ್ಲ. ಆಗ ಹೆಂಗಸರ ನಡುವಿನಿಂದ ಕಾಶವ್ವ ಎದ್ದಳು. ಸೆರಗು ಬಿಗಿಮಾಡಿ, ಜನರನ್ನು ಸರಿಸಿಕೊಂಡು ಅಟ್ಟ ಹತ್ತಿದಳು. ಹನ್ನೆರಡು ವರ್ಷ ಬಚ್ಚಿಟ್ಟದ್ದನ್ನು ದೊರೆಯ ಮುಂದೆ, ಅಷ್ಟೂ ಜನರ ಮುಂದೆ ಬಿಚ್ಚಿಟ್ಟಳು.

"ಗೂಟ ಆಮ್ಯಾಲೆ. ಮೊದ್ಲ ಆ ಜೋಡು ಕಳೀರಿ. ಇವಂಗ ಕಿವಿ ಕೇಳಂಗಿಲ್ಲ, ಹಿಮ್ಮಡ ಕೇಳತಾವು."

ಅವಳ ತುಟಿ ಓದಿ ದುಂಡಪ್ಪ ತಲೆ ತಗ್ಗಿಸಿದ. ತಾಳ ತಪ್ಪಿದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಮೇಳದವರು ಈಗ ಏನನ್ನುತ್ತಾರೋ, ಕಿವುಡನ ಹಿಂದೆ ಹನ್ನೆರಡು ವರ್ಷ ತಿರುಗಿದೆವು ಅಂತ ನಗುತ್ತಾರೋ ಅಂತ ಹೆದರಿದ. ಯಾರೂ ನಗಲಿಲ್ಲ. ಕಿವಿ ಇದ್ದ ತಮಗಿಂತ ಇವನೇ ಸರಿಯಾಗಿ ಬಾರಿಸಿದ್ದ ಅಂತ ಮೇಳದವರಿಗೆ ಆಗ ಹೊಳೆಯಿತಂತೆ.

ಮೊದಲು ಬಗ್ಗಿದವರು ನರಸಿಂಗರಾಯರು. ಬಗ್ಗಿ ತಮ್ಮ ಜೋಡು ಕಳಚಿದರು. ಜಮಖಾನದ ತುದಿ ಹಿಡಿದು ತಾವೇ ಸುತ್ತತೊಡಗಿದರು. ಬೆತ್ತ ಬಿಟ್ಟರೆ ಬೇರೇನೂ ಎತ್ತದ ಕೈ ಅದು. ಆಮೇಲೆ ದುಂಡಪ್ಪನ ಎದುರು ನಿಂತು, ಅವನಿಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದರು.

"ದುಂಡಪ್ಪನವರೇ, ತಾಳ ತಪ್ಪಿದವರು ನೀವಲ್ಲ. ನಿಮ್ಮ ಕಿವಿ ಮುಚ್ಚಿದವರು ನಾವು."

ಕರಡಿಯವನೇ ಅನ್ನುತ್ತಿದ್ದ ಬಾಯಿ ಅದು. ಅರವತ್ತು ಮಂದಿಯೂ ಜೋಡು ಕಳಚಿ ಅಟ್ಟದ ಕೆಳಗೆ ಎಸೆದರು. ರಾಯರು ಬೆತ್ತವನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಯ ಹಿಮ್ಮಡಿಯಿಂದ ಹಲಗೆಗೆ ಒಂದು ಪೆಟ್ಟು ಹಾಕಿದರು. ನಿಂತವರೆಲ್ಲ ಹಾಕಿದರು. ಕೂತ ವೀಣೆಯವರು ಮೊಣಕಾಲು ಬಡಿದರಂತೆ, ಅದು ಎಷ್ಟು ನಿಜವೋ ಗೊತ್ತಿಲ್ಲ. ಹಲಗೆ ಹಿಡಿದು ತಾಳ ಓಡಿಬಂದು ದುಂಡಪ್ಪನ ಹಿಮ್ಮಡಿಗೆ ಮುಟ್ಟಿತು. ಅಷ್ಟು ಜನರ ತಾಳ ಒಂದೇ ಸಲ ಅವನ ಮೈಯೊಳಗೆ ಹಿಂದೆಂದೂ ಬಂದಿರಲಿಲ್ಲ. ಬಿಚ್ಚಿದ ಗಂಟನ್ನು ಕಾಶವ್ವ ತನ್ನ ಕೈಯಾರೆ ಮತ್ತೆ ಕಟ್ಟಿದಳು. ದುಂಡಪ್ಪ ಕೈ ಎತ್ತಿದ.

ಅವತ್ತು ಬಾರಿಸಿದ್ದರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನದಿ ಹರಿಯುವುದು ಮರೆತು ನಿಂತಿತಂತೆ. ಅರಮನೆಯ ಆನೆ ಮಂಡಿಯೂರಿತಂತೆ. ವೀಣೆಯೊಂದೇ ನುಡಿಯುವ ಜಾಗದಲ್ಲಿ ದುಂಡಪ್ಪ ಕರಡಿಯನ್ನು ಬೆರಳ ತುದಿಯಿಂದ ಮುಟ್ಟಿದನಂತೆ, ಅಷ್ಟು ಮೆಲ್ಲಗಿನ ಸದ್ದು ಕೊನೆಯ ಸಾಲಿನ ಮುದುಕಿಗೂ ಕೇಳಿತಂತೆ. ಬಿಸಿಲು ನೆತ್ತಿಗೆ ಬಂದರೂ ಜನ ಏಳಲಿಲ್ಲ. ಕೇಳುವವರೂ ಚಪ್ಪಲಿ ಕಳಚಿ ನೆಲಕ್ಕೆ ಹಿಮ್ಮಡಿ ಹಾಕತೊಡಗಿದರು. ಆ ಊರ ನೆಲ ಮೂರು ದಿನ ಬೆಚ್ಚಗಿತ್ತು ಅಂತಾರೆ.

ಹನ್ನೆರಡು ಊರಿಗೆ ಹೊರಟವರು ಮೂವತ್ತು ಊರು ತಿರುಗಿದರು. ಬಿಡುವವರು ಯಾರು? ಒಂದೂರಿನವರು ಕಳಿಸಿಕೊಟ್ಟರೆ ಮುಂದಿನವರು ಎದುರುಗೊಳ್ಳಲು ಅರ್ಧ ದಾರಿಗೆ ಬಂದಿರುತ್ತಿದ್ದರು. ಎಲ್ಲಿ ಹೋದರೂ ಅಟ್ಟ ಬರೀ ಹಲಗೆಯದು, ಅರವತ್ತೈದು ಮಂದಿ ಬರಿಗಾಲಲ್ಲಿ. ರಾಯರು ಎಲ್ಲ ಊರಲ್ಲೂ ದುಂಡಪ್ಪನ ಪಕ್ಕದಲ್ಲೇ ನಿಲ್ಲುತ್ತಿದ್ದರು.

ದುಂಡಪ್ಪ ಊರಿಗೆ ಬಂದವನೇ ನೆಟ್ಟಗೆ ಚಾವಡಿಗೆ ಹೋದ. ಊರಿಗೂರೇ ಹಿಂದೆ ಹೋಯಿತು. ಅಪ್ಪನ ಕರಡಿಯ ಪಕ್ಕದ ಖಾಲಿ ಗೂಟಕ್ಕೆ ದೊರೆ ಕೊಟ್ಟ ಜರಿಯ ಜೋಡು ತೂಗುಹಾಕಿದ. ತಪ್ಪಿದ್ದು ಇವು, ಇವು ಇಲ್ಲಿರಲಿ ಅಂದನಂತೆ. ಆಮೇಲೆ ಕೈಲಾಗುವವರೆಗೂ ಬಾರಿಸಿದ.

ಆ ಜೋಡು ಈಗಲೂ ಅಲ್ಲೇ ಇವೆ. ಜರಿ ಕಪ್ಪಾಗಿದೆ, ಒಂದರ ಮೂತಿ ಇಲಿ ತಿಂದಿದೆ. ಕಂಚಿನಾಳದಲ್ಲಿ ಈಗಲೂ ಕರಡಿ ಎತ್ತುವ ಮೊದಲು ಬಾರಿಸುವವರು, ಕೇಳುವವರು, ಬೀಗರು, ಸಾಹುಕಾರರು ಎಲ್ಲರೂ ಮೆಟ್ಟು ಕಳಚಬೇಕು. ಕಳಚಿ ನೆಲಕ್ಕೆ ಮೂರು ಸಲ ಹಿಮ್ಮಡಿ ಹಾಕುತ್ತಾರೆ. ಮನೆಗೆ ಯಾರೋ ಬಂದಿದ್ದಾರೆ ಅಂತ ಕಾಶವ್ವ ಅವನಿಗೆ ಹೇಳುತ್ತಿದ್ದದ್ದು ಹಾಗೇ ಅಲ್ಲವೇ. ಇನ್ನೊಂದು ಮಾತು. ಆ ಊರಲ್ಲಿ ಕರಡಿ ಬಾರಿಸುವಾಗ ಮುಂದಿನ ಸಾಲನ್ನು ದೊಡ್ಡವರಿಗೆ ಬಿಡುವುದಿಲ್ಲ. ಸುತ್ತಲ ಹಳ್ಳಿಗಳಿಂದ ಕಿವಿ ಕೇಳದವರನ್ನು ಕರೆದುಕೊಂಡು ಬಂದು ಅಲ್ಲಿ ನಿಲ್ಲಿಸುತ್ತಾರೆ, ಬರಿಗಾಲಲ್ಲಿ. ಮೊದಲ ಪೆಟ್ಟು ಬೀಳುತ್ತದೆ. ಅವರೆಲ್ಲ ತಲೆ ತಗ್ಗಿಸಿ ತಮ್ಮ ಕಾಲು ನೋಡಿಕೊಳ್ಳುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ.